ಡಬ್ಬಿಯ ಮೇಲಿನ 30: ಮನೆಯಲ್ಲಿ ಮಾಡಿದ ಗಿಡಮೂಲಿಕೆ ಸನ್‌ಸ್ಕ್ರೀನ್‌ನ ಒಂದು ಪ್ರಕರಣ

ಇದು 2024ರ ಬೇಸಿಗೆಯಲ್ಲಿ ದಕ್ಷಿಣ ಬೆಂಗಳೂರಿನ ಒಂದು ಮನೆಯಲ್ಲಿ ನಡೆದದ್ದು. ಬಡಾವಣೆ, ವಯಸ್ಸು, ವೃತ್ತಿ ಇವನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಲೇಪಕ್ಕೆ ಅವರಿಟ್ಟಿದ್ದ ಹೆಸರನ್ನೂ ಕೈಬಿಟ್ಟಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ. "ನಮ್ಮ ಹೆಸರು ಬರಬಾರದು, ಆದ್ರೆ ಬರೀರಿ" ಅಂದವರು ಆ ಮನೆಯ ದೊಡ್ಡ ಸೊಸೆಯೇ.

ನಾನು ಪೀಣ್ಯದ ಕಡೆ ಸೋಪು, ಕ್ರೀಮು ಮಾಡುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಕೆಲಸ ಮಾಡಿ ಬಿಟ್ಟವನು. ಈಗ ಮನೆಯಲ್ಲೇ ಸೋಪು, ಎಣ್ಣೆ, ಲೇಪ ಮಾಡಿ ಮಾರುವವರು ಕರೆದರೆ ಹೋಗಿ ನೋಡುತ್ತೇನೆ. ಕರೆಯುವವರಲ್ಲಿ ಹೆಚ್ಚಿನವರು ಏನಾದರೂ ಕೆಟ್ಟ ಮೇಲೆಯೇ ಕರೆಯುತ್ತಾರೆ. ಇವರೂ ಹಾಗೆಯೇ.

ಹಿನ್ನೆಲೆ

ಮನೆಯಲ್ಲಿ ಇಬ್ಬರು ಸೊಸೆಯಂದಿರು. ದೊಡ್ಡವರಿಗೆ ಐವತ್ತು ದಾಟಿದೆ, ಚಿಕ್ಕವರಿಗೆ ನಲವತ್ತರ ಆಸುಪಾಸು. ತೀರಿಹೋದ ಅತ್ತೆ ಕಲಿಸಿಕೊಟ್ಟ ಒಂದು ಮುಖದೆಣ್ಣೆ ಇತ್ತು. ತೆಂಗಿನೆಣ್ಣೆಗೆ ಮಂಜಿಷ್ಠ, ಕಸ್ತೂರಿ ಅರಿಶಿನ, ತುರಿದ ಕ್ಯಾರೆಟ್ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ ಇಡುವುದು. ಕೊರೊನಾ ಕಾಲದಲ್ಲಿ ಚಿಕ್ಕ ಸೊಸೆಯ ಕೆಲಸ ಹೋದಾಗ ಇದನ್ನೇ ಬಾಟಲಿಗೆ ತುಂಬಿ ಮಾರತೊಡಗಿದರು. ಅಪಾರ್ಟ್‌ಮೆಂಟಿನವರು, ದೇವಸ್ಥಾನದ ಭಜನೆ ಗುಂಪಿನವರು, ಅವರ ನೆಂಟರು ಹೀಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಇನ್ನೂರು ಗಿರಾಕಿಗಳಾದರು. ಎಣ್ಣೆ ಒಳ್ಳೆಯದಿತ್ತು. ಅದರ ಬಗ್ಗೆ ನನ್ನದು ಇವತ್ತಿಗೂ ತಕರಾರಿಲ್ಲ.

"ಬಿಸಿಲಿಗೆ ಏನಾದ್ರೂ ಮಾಡ್ತೀರಾ ಆಂಟಿ? ಕೆಮಿಕಲ್ ಇಲ್ದೇ ಇರೋದು?" ಎಂದು ಗಿರಾಕಿಗಳು ಕೇಳತೊಡಗಿದಾಗ 2024ರ ಜನವರಿಯಲ್ಲಿ ಲೇಪ ಹುಟ್ಟಿತು. ಅದೇ ಎಣ್ಣೆ, ಜೇನುಮೇಣ, ಹಿತ್ತಲಿನ ಲೋಳೆಸರದ ತಿರುಳು, ಪನ್ನೀರು, ಪರಿಮಳಕ್ಕೆ ನಿಂಬೆ ಎಣ್ಣೆಯ ಕೆಲವು ಹನಿ. 50 ಗ್ರಾಂ ಡಬ್ಬಿಗೆ 280 ರೂಪಾಯಿ. ಚೀಟಿಯ ಮೇಲೆ ಎಲೆಯ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ, ಬಿಸಿಲಿನಿಂದ ಚರ್ಮವನ್ನು ಎಷ್ಟು ಕಾಯುತ್ತದೆ ಎಂದು ಹೇಳುವ ಅಂಕಿ: "ಎಸ್‌ಪಿಎಫ್ 30".

ಈ 30 ಎಲ್ಲಿಂದ ಬಂತು ಎಂದು ಕೇಳಿದಾಗ ಚಿಕ್ಕ ಸೊಸೆ ಮೊಬೈಲು ತೆಗೆದು ತೋರಿಸಿದರು. ಅಂತರ್ಜಾಲದಲ್ಲಿ ಬಹಳ ದಿನದಿಂದ ಸುತ್ತುತ್ತಿರುವ ಪಟ್ಟಿ ಅದು: ತೆಂಗಿನೆಣ್ಣೆಗೆ 8, ಕ್ಯಾರೆಟ್ ಬೀಜದ ಎಣ್ಣೆಗೆ 38ರಿಂದ 40, ರಾಸ್ಪ್‌ಬೆರಿ ಬೀಜದ ಎಣ್ಣೆಗೆ 50ರವರೆಗೆ. "ಎಂಟೂ ಮೂವತ್ತೆಂಟೂ ಸೇರಿ ನಲವತ್ತಾರಾಯ್ತು. ಅರಿಶಿನಕ್ಕೂ ಏನಾದ್ರೂ ಇರುತ್ತೆ. ಆದ್ರೂ ಜಾಸ್ತಿ ಹೇಳ್ಕೋಬಾರ್ದು ಅಂತ 30 ಹಾಕಿದ್ವಿ ಸರ್."

ನನಗೆ ನಗು ಬರಲಿಲ್ಲ. ಅವರು ಮೋಸ ಮಾಡಲು ಹೊರಟವರಲ್ಲ, ತಮ್ಮ ಲೆಕ್ಕದಲ್ಲಿ ಸಂಕೋಚದಿಂದಲೇ ನಡೆದುಕೊಂಡಿದ್ದರು. ಆದರೆ ಎಸ್‌ಪಿಎಫ್ ಅಂಕಿಗಳು ದಿನಸಿ ಚೀಟಿಯ ಹಾಗೆ ಕೂಡುವುದಿಲ್ಲ. ಅವರು ಹಾಕಿದ್ದು ಮಾರುಕಟ್ಟೆಯ ಕ್ಯಾರೆಟ್ ತುರಿ, ಬೀಜದ ಎಣ್ಣೆಯೇ ಅಲ್ಲ. ತೆಂಗಿನೆಣ್ಣೆಯ 8ಕ್ಕೂ ಒಂದು ಹಿನ್ನೆಲೆ ಇದೆ. ನಮ್ಮ ದೇಶದ ಸಂಶೋಧಕರೇ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಎಣ್ಣೆಗಳನ್ನು ಆಲ್ಕೋಹಾಲಿನಲ್ಲಿ ತೆಳುಮಾಡಿ ಉಪಕರಣದೊಳಗಿಟ್ಟು, 290ರಿಂದ 320 ನ್ಯಾನೋಮೀಟರ್ ನಡುವಿನ ಅತಿನೇರಳೆ ಕಿರಣವನ್ನು, ಅಂದರೆ ಚರ್ಮ ಸುಡುವ ಯುವಿ-ಬಿಯನ್ನು, ಎಷ್ಟು ಹೀರುತ್ತವೆ ಎಂದು ಅಳೆದು, ಒಂದು ಸೂತ್ರಕ್ಕೆ ಹಾಕಿದ್ದರು. ಪ್ರಯೋಗಾಲಯದಲ್ಲಿ ಒಂದು ಎಣ್ಣೆಯನ್ನು ಇನ್ನೊಂದಕ್ಕೆ ಹೋಲಿಸಲು ಅದು ಸಾಕು. ಚರ್ಮದ ಮೇಲೆ ಎಣ್ಣೆ ಆಲ್ಕೋಹಾಲಿನಲ್ಲಿ ಕರಗಿ ಕೂತಿರುವುದಿಲ್ಲ. ತೆಳು ಪದರವಾಗಿ ಹಚ್ಚಿ ಅಳೆದರೆ ಅಂಕಿ ಒಂದರ ಹತ್ತಿರಕ್ಕೆ ಇಳಿಯುತ್ತದೆ. ಎಸ್‌ಪಿಎಫ್ ಒಂದು ಅಂದರೆ ಏನೂ ಹಚ್ಚದಿದ್ದ ಹಾಗೆ. ಮೇಲಾಗಿ 320ರಿಂದ 400ರವರೆಗಿನ ಯುವಿ-ಎ, ಅಂದರೆ ಚರ್ಮದ ಆಳಕ್ಕಿಳಿದು ಕಪ್ಪು ಕಲೆ, ಸುಕ್ಕು ತರುವ ಭಾಗ, ಆ ಲೆಕ್ಕದೊಳಗೆ ಬರುವುದೇ ಇಲ್ಲ.

ತಕರಾರು

ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ ಬಿತ್ತು. ಹಿಂದಿನ ದಿನ ಗಿರಾಕಿಯೊಬ್ಬರು, ಶಾಲೆಯ ಟೀಚರ್, ಲೇಪವನ್ನು ಮುಖಕ್ಕೆ ತೆಳ್ಳಗೆ ಸವರಿಕೊಂಡು, ಗಾಡಿ ಓಡಿಸಬೇಕಲ್ಲ ಎಂದು ಎರಡೂ ಮುಂಗೈಗೆ ಅವಸರದಲ್ಲಿ ಎಳೆದುಕೊಂಡು ಗಾಂಧಿಬಜಾರಿಗೆ ಹೋದರು. ಮಾವಿನಸೊಪ್ಪು, ಬೇವು, ಹೂವು ಎಂದು ಒಂದೂವರೆ ಗಂಟೆ ಬಿಸಿಲಲ್ಲಿ ನಿಂತರು. ಮರುದಿನ ಬೆಳಿಗ್ಗೆ ಎಣ್ಣೆಸ್ನಾನಕ್ಕೆ ಕೂತು ಬಿಸಿನೀರು ಬಿದ್ದಾಗ ಕೈ ಉರಿಯಿತು. ಅದರ ಮರುದಿನ ಕೆಂಪು ಪಟ್ಟೆ, ಎರಡು ಕಡೆ ಸಣ್ಣ ನೀರುಗುಳ್ಳೆ. ವಾರದೊಳಗೆ ಪಟ್ಟೆಗಳು ಕಂದುಗಪ್ಪಾದವು.

ಫೋಟೋ ನಾನು ಆಮೇಲೆ ನೋಡಿದೆ. ಎಡಗೈ ಮೇಲೆ ಮೂರು ಸಮಾನಾಂತರ ಗೆರೆ, ಮೂರು ಬೆರಳಿನಿಂದ ಎಳೆದ ಲೇಪದ ಅಚ್ಚು ಬಿಡಿಸಿದ ಹಾಗೆ. ಮೂರೂ ಗೆರೆ ಮಣಿಕಟ್ಟಿನ ಹತ್ತಿರ ತಟ್ಟನೆ ನಿಂತು, ಒಂದೂವರೆ ಬೆರಳಗಲ ಬಿಟ್ಟು, ಮತ್ತೆ ಮುಂಗೈ ಕಡೆ ಶುರುವಾಗುತ್ತವೆ. ನಡುವೆ ಇದ್ದದ್ದು ಗಡಿಯಾರದ ಪಟ್ಟಿ. ಲೇಪ ಪಟ್ಟಿಯ ಕೆಳಗೂ ಇತ್ತು, ಬಿಸಿಲು ಇರಲಿಲ್ಲ.

ಚರ್ಮದ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ನಿಂಬೆಹಣ್ಣು ಹಿಂಡಿದ್ರಾ?" ಟೀಚರ್ ಇಲ್ಲ ಎಂದರು. ಡಬ್ಬಿ ತೋರಿಸಿದರು. ಡಾಕ್ಟರ್ ಹಿಂಬದಿಯ ಪಟ್ಟಿ ಓದಿ, ಇದನ್ನು ನಿಲ್ಲಿಸಿ ಎಂದಷ್ಟೇ ಹೇಳಿದರಂತೆ.

ಮೊದಲ ವಾರ

ಸೊಸೆಯಂದಿರು ಆ ವಾರ ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಮೊದಲು ದುಡ್ಡು ವಾಪಸ್ ಕೊಟ್ಟರು. ಆಮೇಲೆ ಬೇರೆ ಕಾರಣ ಹುಡುಕಿದರು. ದೊಡ್ಡವರಿಗೆ ಅನುಮಾನ ಬಂದದ್ದು ಹಬ್ಬದ ಸ್ನಾನದ ಎಣ್ಣೆ ಮೇಲೆ, ಬೇವಿನ ನೀರಿನ ಮೇಲೆ, ಕಡೆಗೆ ಟೀಚರ್ ತೊಟ್ಟಿದ್ದ ಬಳೆ ಮೇಲೆ. "ನಮ್ಮತ್ತೆ ಎಂಬತ್ತೆರಡು ವರ್ಷ ಇದೇ ಎಣ್ಣೆ ಹಚ್ಚಿದ್ದು. ಮುಖದ ಮೇಲೆ ಒಂದು ಚುಕ್ಕೆ ಇರ್ಲಿಲ್ಲ. ಗಿಡಮೂಲಿಕೆಯಿಂದ ಏನಾಗುತ್ತೆ?"

ಚಿಕ್ಕವರಿಗೆ ಆ ಗೆರೆಗಳು ಕಣ್ಣಲ್ಲಿ ನಿಂತುಬಿಟ್ಟಿದ್ದವು. "ಅಕ್ಕ, ಬೇವಿನ ನೀರು ಮೈಗೆಲ್ಲ ಬೀಳುತ್ತೆ. ಇದು ಬೆರಳು ಎಳೆದ ಕಡೆ ಮಾತ್ರ ಇದೆ." ಅವರು ನನಗೆ ಫೋನು ಮಾಡಿದ್ದು ಅಕ್ಕನಿಗೆ ಹೇಳದೆ. ನನ್ನ ಮಟ್ಟಿಗೆ ಈ ಪ್ರಕರಣದ ಮೊದಲ ತಿರುವು ಆ ಫೋನು.

ಕ್ಯಾಲೆಂಡರಿನ ಹಿಂಬದಿ

ಯಾವ ಬ್ಯಾಚಿನ ಡಬ್ಬಿ, ಆ ಬ್ಯಾಚಿಗೆ ಏನೇನು ಹಾಕಿದ್ದು, ಎಲ್ಲಿಂದ ತಂದದ್ದು ಎಂದು ಕೇಳಿದೆ. ಬ್ಯಾಚಿನ ಪುಸ್ತಕ ಎಂಬುದು ಅವರಲ್ಲಿ ಇರಲಿಲ್ಲ. ದೊಡ್ಡವರು ಅಡುಗೆಮನೆಯ ಬಾಗಿಲ ಹಿಂದಿನ ಗೋಡೆ ಕ್ಯಾಲೆಂಡರನ್ನು ಇಳಿಸಿ ತಂದರು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಏಕಾದಶಿಯ ಗುರುತುಗಳ ನಡುವೆ ಸಣ್ಣಕ್ಷರದಲ್ಲಿ "ಲೇಪ 4", "ಲೇಪ 5" ಎಂದಿತ್ತು. ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಸಾಮಾನಿನ ಲೆಕ್ಕ. ದೊಡ್ಡ ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕಿಂತ ಕೆಟ್ಟ ದಾಖಲೆ ನೋಡಿದ್ದೇನೆ.

ಮಾರ್ಚ್ ಹಾಳೆಯ ಹಿಂದೆ "ನಿಂಬೆ ಎಣ್ಣೆ, ಹೊಸ ಅಂಗಡಿ" ಎಂದಿತ್ತು. ಮೊದಲ ಐದು ಬ್ಯಾಚಿಗೆ ತಂದದ್ದು ಆವಿ ಹಾಯಿಸಿ ಬಟ್ಟಿ ಇಳಿಸಿದ ಎಣ್ಣೆ. ಅದು ಮುಗಿದಾಗ ಪೇಟೆಯ ಗ್ರಂಧಿಗೆ ಅಂಗಡಿಯೊಂದರಲ್ಲಿ "ಇದು ಇನ್ನೂ ನ್ಯಾಚುರಲ್" ಎಂದು ಸಿಪ್ಪೆಯನ್ನು ಹಾಗೇ ಹಿಂಡಿ ತೆಗೆದ ಎಣ್ಣೆ ಕೊಟ್ಟಿದ್ದರು. ಪರಿಮಳ ಹೆಚ್ಚು, ಬೆಲೆ ಕಡಿಮೆ. ಹನಿಯ ಲೆಕ್ಕವನ್ನೂ ತುಸು ಏರಿಸಿದ್ದರು.

ನಿಂಬೆಜಾತಿಯ ಹಣ್ಣಿನ ಸಿಪ್ಪೆಯಲ್ಲಿ ಫ್ಯೂರೊಕೌಮರಿನ್ ಎಂಬ ವಸ್ತುಗಳಿವೆ. ಅವು ಆವಿಯಾಗುವ ಜಾತಿಯಲ್ಲ, ಹಾಗಾಗಿ ಬಟ್ಟಿ ಇಳಿಸಿದ ಎಣ್ಣೆಗೆ ಹೆಚ್ಚುಕಮ್ಮಿ ಬರುವುದಿಲ್ಲ, ಹಿಂಡಿದ ಎಣ್ಣೆಗೆ ಬರುತ್ತವೆ. ಚರ್ಮದ ಮೇಲೆ ಸುಮ್ಮನೆ ಇದ್ದರೆ ತೊಂದರೆಯಿಲ್ಲ. ಯುವಿ-ಎ ಬಿದ್ದೊಡನೆ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಸುಡುತ್ತವೆ. ಉರಿ ಅವತ್ತೇ ಕಾಣುವುದಿಲ್ಲ, ಒಂದೆರಡು ದಿನ ಬಿಟ್ಟು ಏಳುತ್ತದೆ. ಅದಕ್ಕೇ ಜನ ಇದಕ್ಕೂ ಅದಕ್ಕೂ ನಂಟು ಹಚ್ಚುವುದಿಲ್ಲ. ಬಾವಂಚಿ ಬೀಜದ್ದೂ ಇದೇ ಗುಣ. ತೊನ್ನಿಗೆ ಬಾವಂಚಿ ಹಚ್ಚಿ ಬಿಸಿಲಿಗೆ ಕೂರಿಸುವ ನಮ್ಮ ಹಳೆಯ ಚಿಕಿತ್ಸೆ ನಿಂತಿರುವುದು ಈ ಗುಣದ ಮೇಲೆಯೇ. "ಗಿಡಮೂಲಿಕೆಯಿಂದ ಏನಾಗುತ್ತೆ" ಎಂಬ ಮಾತಿಗೆ ಆಯುರ್ವೇದವೇ ಕೊಡುವ ಉತ್ತರ ಅದು. ದೊಡ್ಡ ಸೊಸೆಗೆ ಬಾವಂಚಿಯ ವಿಷಯ ಮೊದಲೇ ಗೊತ್ತಿತ್ತು. ಹೇಳಿದೊಡನೆ ಸುಮ್ಮನಾದರು.

ಟೀಚರ್ ಡಬ್ಬಿ ಆರನೇ ಬ್ಯಾಚಿನದು. ಸುಟ್ಟದ್ದರ ಕಾರಣ ಸಿಕ್ಕಿತು. ಅಲ್ಲಿಗೆ ಮುಗಿಸಬಹುದಿತ್ತು. ಹಳೆಯ ಎಣ್ಣೆಗೆ ವಾಪಸ್ ಹೋದರೆ ಆಯಿತಲ್ಲ ಎಂದು ದೊಡ್ಡವರು ಎದ್ದೇಬಿಟ್ಟಿದ್ದರು. ನಾನು ಕೇಳಿದೆ, "ಸುಡೋದು ನಿಲ್ಲುತ್ತಮ್ಮ. ಕಾಯುತ್ತಾ?"

ಮತದಾನದ ದಿನ, ತಾರಸಿಯ ಮೇಲೆ

ಏಪ್ರಿಲ್ 26ರ ಶುಕ್ರವಾರ ಬೆಂಗಳೂರಿನಲ್ಲಿ ಲೋಕಸಭೆ ಮತದಾನ. ಎಲ್ಲರಿಗೂ ರಜೆ. ವೋಟು ಹಾಕಿ ಬಂದು ಮನೆಮಂದಿಯೆಲ್ಲ ತಾರಸಿಗೆ ಹತ್ತಿದರು.

ಅತಿನೇರಳೆ ಕಿರಣ ಬಿದ್ದರೆ ಬಿಳಿಯಿಂದ ನೇರಳೆಗೆ ತಿರುಗುವ ಪ್ಲಾಸ್ಟಿಕ್ ಮಣಿಗಳು ಸಿಗುತ್ತವೆ, ಮಕ್ಕಳ ವಿಜ್ಞಾನದ ಆಟಿಕೆ. ನಾಲ್ಕು ಮಿಠಾಯಿ ಡಬ್ಬದಲ್ಲಿ ಮಣಿ ಹರಡಿದೆವು. ಇಲ್ಲಿ ನನ್ನದೊಂದು ಎಡವಟ್ಟು ಹೇಳಬೇಕು: ಮೊದಲು ಗಾಜಿನ ಹಾಳೆಯ ಮೇಲೆ ಲೇಪ ಸವರಿ ಮುಚ್ಚಲು ಹೊರಟಿದ್ದೆ. ಯುವಿ-ಬಿಯನ್ನು ಗಾಜೇ ತಡೆದುಬಿಡುತ್ತದೆ. ಲೇಪಕ್ಕೆ ಸಿಗದ ಅಂಕ ಗಾಜಿಗೆ ಸಿಕ್ಕಂತಾಗುತ್ತಿತ್ತು. ಹೊಳೆದ ಮೇಲೆ ಗಾಜು ಬದಿಗಿಟ್ಟು, ಪಾತ್ರೆ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ ತಂದೆವು.

ಒಂದು ಡಬ್ಬಕ್ಕೆ ಬರೀ ಹಾಳೆ. ಎರಡನೆಯದಕ್ಕೆ ಲೇಪ ಹಚ್ಚಿದ ಹಾಳೆ. ಮೂರನೆಯದಕ್ಕೆ ಮೆಡಿಕಲ್ ಶಾಪಿನಿಂದ ತಂದ ಸತುವಿನ ಆಕ್ಸೈಡ್ ಸನ್‌ಸ್ಕ್ರೀನ್. ನಾಲ್ಕನೆಯದಕ್ಕೆ ಏನು ಎಂದಾಗ, ಅತ್ತೆಯ ಹಳೆಯ ಮಗ್ಗದ ಸೀರೆ ಪೆಟ್ಟಿಗೆಯಲ್ಲಿದೆ, ಅದರ ಸೆರಗು ಎರಡು ಮಡಿಕೆ ಮಾಡಿ ಹೊದಿಸೋಣ ಎಂದರು ಚಿಕ್ಕವರು. ತಮಾಷೆಗೆ ಹೇಳಿದ್ದು. ಹೊದಿಸಿದೆವು.

ಹಚ್ಚುವ ಪ್ರಮಾಣಕ್ಕೂ ಲೆಕ್ಕವಿದೆ. ಎಸ್‌ಪಿಎಫ್ ಅಳೆಯುವುದು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಹತ್ತು ಸೆಂಟಿಮೀಟರ್ ಉದ್ದಗಲದ ಹಾಳೆಗೆ 200 ಮಿಲಿಗ್ರಾಂ. ಸಣ್ಣ ತಕ್ಕಡಿಯಲ್ಲಿ ತೂಗಿ ಹಚ್ಚಿದಾಗ "ಇಷ್ಟೊಂದಾ?" ಎಂದರು ದೊಡ್ಡವರು. ಮುಖ, ಕತ್ತು ಸೇರಿಸಿದರೆ ಒಂದು ಸಲಕ್ಕೆ ಒಂದು ಗ್ರಾಮಿಗಿಂತ ಹೆಚ್ಚೇ ಬೇಕು, ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಹಿಂಡಿದಷ್ಟು. "ಒಂದು ಡಬ್ಬಿ ಮೂರು ತಿಂಗಳು ಬರುತ್ತೆ ಅಂತ ಎಲ್ಲರೂ ಹೊಗಳ್ತಾರೆ" ಎಂದು ಚಿಕ್ಕವರು ಮೆಲ್ಲಗೆ ಹೇಳಿದರು. 50 ಗ್ರಾಂ ಡಬ್ಬಿ ಮೂರು ತಿಂಗಳು ಬಂದರೆ ದಿನಕ್ಕೆ ಅರ್ಧ ಗ್ರಾಂ ಚಿಲ್ಲರೆ. ಅಷ್ಟಕ್ಕೆ ಎಷ್ಟು ಒಳ್ಳೆಯ ಸನ್‌ಸ್ಕ್ರೀನ್ ಆದರೂ ಚೀಟಿಯಲ್ಲಿರುವ ಅಂಕಿಯನ್ನು ಮುಟ್ಟುವುದಿಲ್ಲ.

ಹನ್ನೆರಡೂ ಕಾಲು. ಎರಡು ದಿನದ ಹಿಂದಷ್ಟೇ ಬೆಂಗಳೂರಿನ ಶೂನ್ಯ ನೆರಳಿನ ದಿನ ಕಳೆದಿತ್ತು. ಪಕ್ಕದಲ್ಲಿಟ್ಟ ನೀರಿನ ಚೊಂಬಿಗೆ ನೆರಳೇ ಇಲ್ಲ. "ಆದ್ರೂ ಬೆಂಗಳೂರಿನ ಬಿಸಿಲು ಏನ್ ಸರ್, ರಾಯಚೂರಿನವರು ಹೇಳ್ಬೇಕು" ಎಂದರು ಮನೆಯ ಯಜಮಾನರು. ಇದು ನಮ್ಮೂರಿನವರಿಗೆಲ್ಲ ಇರುವ ಭ್ರಮೆ. ಸೆಕೆ ಬೇರೆ, ಅತಿನೇರಳೆ ಬೇರೆ. ಸೂರ್ಯ ಎಷ್ಟು ನೆತ್ತಿಯ ಮೇಲಿದ್ದಾನೆ, ಊರು ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅತಿನೇರಳೆ ನೋಡುತ್ತದೆಯೇ ಹೊರತು ಗಾಳಿ ತಂಪಿದೆಯೇ ಎಂದು ಕೇಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಸಾವಿರ ಮೀಟರ್ ಏರಿದರೆ ಅತಿನೇರಳೆ ಹತ್ತು ಹನ್ನೆರಡು ಶೇಕಡಾ ಹೆಚ್ಚುತ್ತದೆ. ಆ ಏಪ್ರಿಲ್‌ನಲ್ಲಂತೂ ನಗರಕ್ಕೆ ಮಳೆಯೇ ಬೀಳಲಿಲ್ಲ, ಎರಡು ದಿನ ಬಿಟ್ಟು ಭಾನುವಾರ ಪಾದರಸ 38.5 ಡಿಗ್ರಿಗೆ ಏರಿತು. ಆದರೆ ತಂಪುಗಾಳಿ ಬೀಸುವ ಫೆಬ್ರುವರಿ ಮಧ್ಯಾಹ್ನವೂ ಚರ್ಮಕ್ಕೆ ಸಾಧುವಲ್ಲ.

ಆ ಮನೆಯ ಮಗ ಎಲ್ಲರ ಎಡಗೈ ತೋರುಬೆರಳು ನೋಡಿ ನಗುತ್ತಿದ್ದ. ಬೂತಿನಲ್ಲಿ ಹಚ್ಚಿದಾಗ ತಿಳಿಯಾಗಿದ್ದ ಶಾಯಿ ತಾರಸಿಯ ಮೇಲೆ ಕಪ್ಪುಗಟ್ಟಿತ್ತು. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಮಾಡುವ ಆ ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್, ಬೆಳಕು ತಾಗಿದಷ್ಟೂ ಕಪ್ಪಾಗುತ್ತದೆ. ಮಣಿಗಿಂತ ಮೊದಲೇ ಪ್ರಯೋಗ ಬೆರಳಿನ ಮೇಲೆ ನಡೆದುಹೋಗಿತ್ತು.

ಒಂದು ನಿಮಿಷ ಬಿಟ್ಟು ಮಣಿ ನೋಡಿದೆವು. ಬರೀ ಹಾಳೆಯ ಕೆಳಗಿನವು ಕಡುನೇರಳೆ. ಲೇಪದ ಕೆಳಗಿನವೂ ಕಡುನೇರಳೆ. ಕೂದಲೆಳೆಯಷ್ಟು ವ್ಯತ್ಯಾಸವಿತ್ತೇನೋ, ಬರಿಗಣ್ಣಿಗೆ ಕಾಣಲಿಲ್ಲ. ಸತುವಿನ ಕೆಳಗಿನವು ಹೆಚ್ಚುಕಡಿಮೆ ಬಿಳಿ. ಸೆರಗಿನ ಕೆಳಗಿನವು ಅದಕ್ಕಿಂತಲೂ ಬಿಳಿ.

ಇದು ಎಸ್‌ಪಿಎಫ್ ಪರೀಕ್ಷೆಯಲ್ಲ ಎಂದು ಆಗಲೇ ಹೇಳಿದೆ. ಮಣಿಗೆ ಹೆಚ್ಚಾಗಿ ತಾಗುವುದು ಯುವಿ-ಎ, ಅದರಿಂದ ಅಂಕಿ ಹುಟ್ಟುವುದಿಲ್ಲ. ಆದರೆ 30 ಎಂದು ಬರೆದ ಡಬ್ಬಿ ಬರೀ ಪ್ಲಾಸ್ಟಿಕ್ ಹಾಳೆಯ ಜತೆ ಸಮ ನಿಂತದ್ದಕ್ಕೆ ಅಂಕಿ ಬೇಕಿರಲಿಲ್ಲ.

ದೊಡ್ಡ ಸೊಸೆ ಲೇಪದ ಡಬ್ಬವನ್ನು ನೋಡಲೇ ಇಲ್ಲ. ಸೆರಗನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. "ಅತ್ತೆ ಹೊರಗೆ ಹೊರಟ್ರೆ ತಲೆ ಮೇಲೆ ಸೆರಗು ಹೊದೀತಿದ್ರು. ಎಣ್ಣೆ ಹಚ್ತಿದ್ದದ್ದು ರಾತ್ರಿ" ಎಂದರು. ಇಡೀ ಮನೆ ಹಿಡಿದುಕೊಂಡಿದ್ದ ನಂಬಿಕೆ ಅಲ್ಲಿಗೆ ಮಗ್ಗುಲು ಬದಲಿಸಿತು. ನಾನು ಎಷ್ಟು ಗ್ರಾಫು ತೋರಿಸಿದ್ದರೂ ಇದು ಆಗುತ್ತಿರಲಿಲ್ಲ.

ಸತು ಬೆರೆಸಿದ ಕಥೆ

ಹಾಗಾದರೆ ನಾವೂ ಸತು ಬೆರೆಸೋಣ ಎಂದರು ಚಿಕ್ಕವರು. ದೊಡ್ಡವರಿಗೆ ಅದು "ಕೆಮಿಕಲ್". ಯಶದ ಭಸ್ಮ ಎಂದು ಆಯುರ್ವೇದದ ರಸಶಾಸ್ತ್ರ ಹೇಳುವುದು ಬಹುಪಾಲು ಇದನ್ನೇ, ಸತುವನ್ನು ಸುಟ್ಟ ಬೂದಿ ಎಂದೆ. ಕ್ಯಾಲಮೈನ್ ಲೋಷನ್‌ನಲ್ಲಿರುವುದೂ ಇದೇ, ಅದರ ಗುಲಾಬಿ ಬಣ್ಣ ಚಿಟಿಕೆ ಕಬ್ಬಿಣದ ಆಕ್ಸೈಡಿನದು. ಕೆಲವು ರಾಸಾಯನಿಕ ಸನ್‌ಸ್ಕ್ರೀನ್ ವಸ್ತುಗಳು ರಕ್ತಕ್ಕೆ ಸೇರುತ್ತವೆ ಎಂಬ ಸುದ್ದಿ ಚಿಕ್ಕವರನ್ನೂ ಕಾಡಿತ್ತು. ಅದು ಸುಳ್ಳಲ್ಲ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಅಂಥ ವಸ್ತುಗಳ ಬಗ್ಗೆ ಇನ್ನಷ್ಟು ಮಾಹಿತಿ ಕೇಳಿತು. ಸುರಕ್ಷಿತ, ಪರಿಣಾಮಕಾರಿ ಎಂದು ಅದೇ ಪ್ರಸ್ತಾವದಲ್ಲಿ ಒಪ್ಪಿದ್ದು ಎರಡನ್ನು: ಸತುವಿನ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್. ಅಂಗಡಿಯಲ್ಲಿ "ಹರ್ಬಲ್" ಎಂದು ಎಲೆಯ ಚಿತ್ರ ಹಾಕಿಕೊಂಡ ಎಷ್ಟೋ ಸನ್‌ಸ್ಕ್ರೀನ್ ಟ್ಯೂಬುಗಳ ಹಿಂಬದಿಯ ಸಣ್ಣಕ್ಷರ ಓದಿದರೆ ಕಾಯುವ ಕೆಲಸ ಮಾಡುತ್ತಿರುವುದು ಇವೇ, ಇಲ್ಲವೇ ಬೇರೆ ರಾಸಾಯನಿಕ ಶೋಧಕಗಳು. ಲೋಳೆಸರ, ಗಂಧ, ಅರಿಶಿನ ಜತೆಗಿರುತ್ತವೆ, ತಂಪಿಗೆ, ಪರಿಮಳಕ್ಕೆ, ಹೆಚ್ಚೆಂದರೆ ಉರಿ ತಗ್ಗಿಸುವುದಕ್ಕೆ.

ಪುಡಿ ತಂದು ಚಟ್ನಿ ಜಾರಿನಲ್ಲಿ ಲೇಪದ ಜತೆ ತಿರುವಿದರು. ನೋಡಲು ಬೆಣ್ಣೆಯ ಹಾಗಿತ್ತು. ಮೂರನೇ ದಿನಕ್ಕೆ ಡಬ್ಬಿಯ ತಳದಲ್ಲಿ ನೀರು ಬಿಟ್ಟಿತ್ತು. ಲೋಳೆಸರ ತುಸು ಹುಳಿ ಸ್ವಭಾವದ್ದು, ಸತುವಿನ ಆಕ್ಸೈಡ್ ಹುಳಿಯಲ್ಲಿ ಕರಗುತ್ತಾ ತಿರುಳಿನ ಬಿಗಿಯನ್ನು ಕೆಡಿಸುತ್ತದೆ. ಉಳಿದ ಪುಡಿ ಗಂಟುಗಟ್ಟುತ್ತದೆ. ಹಾಳೆಗೆ ಹಚ್ಚಿ ಮಣಿಯ ಮೇಲೆ ಇಟ್ಟರೆ ಕೆಲವು ಮಣಿ ಬಿಳಿ, ಪಕ್ಕದವು ನೇರಳೆ, ಸಿಡುಬಿನ ಮುಖದ ಹಾಗೆ. ಸತು ಕಾಯುವುದು ಎಲ್ಲ ಕಡೆ ಸಮನಾಗಿ ಹರಡಿದ್ದರೆ ಮಾತ್ರ, ಆ ಹರಡುವಿಕೆಗೇ ಕಾರ್ಖಾನೆಗಳು ಯಂತ್ರ ಇಟ್ಟಿರುವುದು. ಇನ್ನೂ ಎರಡು ಸಲ ಪ್ರಯತ್ನಿಸಿ ಬಿಟ್ಟರು.

ಬೇರೆ ಕಾರ್ಖಾನೆಯಲ್ಲಿ ಮಾಡಿಸುವ ಲೆಕ್ಕವನ್ನೂ ಹಾಕಿದೆವು. ಕನಿಷ್ಠ ಸಾವಿರ ಟ್ಯೂಬ್ ಎಂದರು. ಚೀಟಿಯಲ್ಲಿ ಅಂಕಿ ಹಾಕಬೇಕಾದರೆ ಐಎಸ್‌ಒ 24444 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮನುಷ್ಯರ ಬೆನ್ನಿನ ಮೇಲೆ, ಹತ್ತು ಜನಕ್ಕೆ ಕಡಿಮೆಯಿಲ್ಲದಂತೆ, ಪರೀಕ್ಷೆಯಾಗಬೇಕಿತ್ತು. ಆ ಖರ್ಚು ಅವರ ಒಂದು ವರ್ಷದ ವಹಿವಾಟನ್ನು ಮೀರುತ್ತಿತ್ತು. ಈ ಮಾತಿನ ನಡುವೆಯೇ ಇನ್ನೊಂದು ಹೊರಬಿತ್ತು: ಇವರಲ್ಲಿ ಇದ್ದದ್ದು ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾತ್ರ. ಸೌಂದರ್ಯವರ್ಧಕ ತಯಾರಿಸಿ ಮಾರಲು 2020ರ ನಿಯಮಗಳ ಪ್ರಕಾರ ರಾಜ್ಯದ ಔಷಧ ನಿಯಂತ್ರಣದವರ ಪರವಾನಗಿ ಬೇಕು. ಉದ್ಯಮ್ ಅದಕ್ಕೆ ಬದಲಿ ಅಲ್ಲ. ಮನೆಯುದ್ಯಮದ ಹತ್ತರಲ್ಲಿ ಎಂಟು ಜನಕ್ಕೆ ಇದು ಗೊತ್ತಿರುವುದಿಲ್ಲ ಎಂಬುದು ನನ್ನ ಅನುಭವ.

ಒಂದು ವಾಕ್ಯದ ಜಗಳ

ಮೇ ಎರಡನೇ ವಾರ ಗುಂಪಿಗೆ ಸಂದೇಶ ಕಳಿಸುವುದೆಂದಾಯಿತು. ಇಬ್ಬರ ನಡುವೆ ಜೋರು ಮಾತು ನಡೆದದ್ದು ಇಲ್ಲೇ. ದೊಡ್ಡವರು ಬರೆದದ್ದು: "ಆರನೇ ಬ್ಯಾಚು ಕೆಲವರ ಚರ್ಮಕ್ಕೆ ಒಗ್ಗದೆ ಇರಬಹುದು, ವಾಪಸ್ ಕೊಡಿ." ಚಿಕ್ಕವರು: "ಅಕ್ಕ, ಆರನೇದು ಒಬ್ಬರನ್ನ ಸುಡ್ತು. ಮಿಕ್ಕ ಐದು ಬ್ಯಾಚು ಹಚ್ಕೊಂಡು ನಂಬ್ಕೊಂಡು ಬಿಸಿಲಿಗೆ ನಿಂತವರಿಗೆ ಏನ್ ಹೇಳೋದು?"

ಆ ಗುಂಪಿನಲ್ಲಿ ಬಂಗು ಇದ್ದ ಒಬ್ಬ ಹೆಂಗಸು ಇದ್ದರು. ಡಾಕ್ಟರ್ ಕೊಟ್ಟಿದ್ದ ಬಣ್ಣದ ಸನ್‌ಸ್ಕ್ರೀನ್ ಬಿಟ್ಟು ಮೂರು ತಿಂಗಳಿಂದ ಇದನ್ನೇ ಹಚ್ಚುತ್ತಿದ್ದರು. ನಮ್ಮಂಥ ಮೈಬಣ್ಣದವರಲ್ಲಿ ಬಂಗು ಕಪ್ಪಾಗಲು ಅತಿನೇರಳೆಯ ಜತೆ ಕಣ್ಣಿಗೆ ಕಾಣುವ ಬೆಳಕೂ ಸಾಕು, ಅದನ್ನು ತಡೆಯುವುದು ಆ ಸನ್‌ಸ್ಕ್ರೀನ್‌ಗೆ ಬಣ್ಣ ಕೊಡುವ ಕಬ್ಬಿಣದ ಆಕ್ಸೈಡ್. ಅವರ ಕೆನ್ನೆಯ ಕಲೆ ಕಡುವಾಗಿತ್ತು. ಬೇಸಿಗೆ ಅಂತ ಸುಮ್ಮನಿದ್ದರು. ತಕರಾರು ಹೇಳಲೇ ಇಲ್ಲ, ಹೇಳುವಂಥದ್ದೇನೂ ಆಗಿಲ್ಲ ಎಂದುಕೊಂಡಿದ್ದರು.

ಕೊನೆಗೆ ಹೋದ ಸಂದೇಶದಲ್ಲಿ ಮೂರು ವಾಕ್ಯ ಇತ್ತು: ಡಬ್ಬಿಯ ಮೇಲಿನ 30 ನಾವು ಅಳೆದದ್ದಲ್ಲ. ಈ ಲೇಪ ಬಿಸಿಲಿನಿಂದ ಕಾಪಾಡುವುದಿಲ್ಲ. ಯಾವ ಬ್ಯಾಚಿನದಾದರೂ, ಅರ್ಧ ಬಳಸಿದ್ದರೂ ಪೂರ್ತಿ ಹಣ ಕೊಡುತ್ತೇವೆ.

ಮಾರಿದ್ದ ನೂರ ನಲವತ್ತು ಡಬ್ಬಿಯಲ್ಲಿ ಅರವತ್ತೊಂದು ವಾಪಸ್ ಬಂದವು. ಇಪ್ಪತ್ತು ಮೂವತ್ತು ಜನ ಗುಂಪು ಬಿಟ್ಟರು. ಒಬ್ಬರು ಬಹಳ ಕಟುವಾಗಿ ಬರೆದರು. ಕೆಲವರು "ನಮಗೆ ಚೆನ್ನಾಗೇ ಆಗ್ತಿದೆ, ಇನ್ನೊಂದು ಡಬ್ಬಿ ಕೊಡಿ" ಎಂದದ್ದು ನನಗೆ ಹೆಚ್ಚು ಭಯ ಹುಟ್ಟಿಸಿತು. ಟೀಚರ್ ಕೈಯ ಗೆರೆಗಳು ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ತಿಳಿಯಾದವು, ಒಂದರ ನೆರಳು ಉಳಿದಿದೆ. ಬಂಗಿನ ಗಿರಾಕಿ ಡಾಕ್ಟರ ಬಳಿಗೆ ವಾಪಸ್ ಹೋದರು.

ಏನು ಉಳಿಯಿತು

ಹಿಂದಿರುಗಿ ನೋಡಿದರೆ ಸುಟ್ಟ ಬ್ಯಾಚೇ ಈ ಮನೆಯನ್ನು ಉಳಿಸಿತು. ಆರನೇ ಬ್ಯಾಚಿಗೂ ಹಳೆಯ ನಿಂಬೆ ಎಣ್ಣೆಯೇ ಸಿಕ್ಕಿದ್ದರೆ ಏನೂ ಮಾಡದ ಲೇಪ ವರ್ಷಗಟ್ಟಲೆ ಒಳ್ಳೆಯ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಸುಡುವ ವಸ್ತು ಸಿಕ್ಕಿಬೀಳುತ್ತದೆ. ಕಾಯದೆ ಇರುವ ವಸ್ತುವಿಗೆ ತಕರಾರು ಬರುವುದೇ ಇಲ್ಲ, ಬಿಸಿಲಿನ ಹಾನಿ ನಿಧಾನ, ಗಿರಾಕಿ ಅದನ್ನು ವಯಸ್ಸಿನ ಲೆಕ್ಕಕ್ಕೆ, ಬೇಸಿಗೆಯ ಲೆಕ್ಕಕ್ಕೆ ಹಾಕಿಕೊಳ್ಳುತ್ತಾರೆ. ಅದಕ್ಕೇ ಈಗ ಬೇರೆ ಮನೆಗಳಿಗೆ ಹೋದಾಗ ನಾನು ಮೊದಲು ತಕರಾರಿನ ಪುಸ್ತಕ ಕೇಳುವುದಿಲ್ಲ. ಚೀಟಿಯ ಮೇಲಿನ ಅಂಕಿ ಯಾರು ಅಳೆದದ್ದು ಎಂದು ಕೇಳುತ್ತೇನೆ, ಆಮೇಲೆ ಸಿಪ್ಪೆಯ ಎಣ್ಣೆ ಹಿಂಡಿದ್ದೋ ಇಳಿಸಿದ್ದೋ ಎಂದು.

ನಾನು ಇನ್ನೊಂದು ಸಲ ಮಾಡಿದರೆ ಬದಲಿಸುವುದು ಒಂದೇ: ಸತು ಬೆರೆಸಲು ಬಿಡುತ್ತಿರಲಿಲ್ಲ. ಕಲಿಯಲಿ ಎಂದು ಸುಮ್ಮನಿದ್ದೆ. ಆ ಬೆಣ್ಣೆಯಂಥ ಡಬ್ಬಿ ಮೂರನೇ ದಿನದವರೆಗೆ ಹಾಗೇ ಉಳಿದಿದ್ದರೆ ಅದೂ ಗುಂಪಿಗೆ ಹೋಗುತ್ತಿತ್ತು.

ಮುಖದೆಣ್ಣೆಯನ್ನು ಪರವಾನಗಿ ಬರುವವರೆಗೆ ನಿಲ್ಲಿಸಿದ್ದಾರೆ, ಅರ್ಜಿ ಹಾಕಿದ್ದಾರೆ. ಬಂದರೆ "ರಾತ್ರಿ ಹಚ್ಚುವ ಎಣ್ಣೆ" ಎಂದೇ ಚೀಟಿ. ನಡುವೆ ಚಿಕ್ಕವರು ಹೊಲಿಗೆ ಯಂತ್ರ ತೆಗೆದರು. ಗಾಡಿ ಓಡಿಸುವವರಿಗೆ ಬೆರಳಿನವರೆಗೆ ಮುಚ್ಚುವ ತೋಳು, ಒತ್ತು ನೇಯ್ಗೆಯ ಗಾಢ ಬಣ್ಣದ ಬಟ್ಟೆಯಲ್ಲಿ. ತೆಳು ಬಿಳಿ ಹತ್ತಿ ಟೀ ಶರಟು ಅತಿನೇರಳೆಗೆ ಜರಡಿಯ ಹಾಗೆ, ಅದಕ್ಕೇ ಬಟ್ಟೆ ಆರಿಸುವಾಗ ಪ್ರತಿ ತುಂಡನ್ನೂ ಮಣಿಯ ಮೇಲೆ ಇಟ್ಟು ನೋಡುತ್ತಾರೆ. ಮೊದಲ ಜೊತೆ ತೋಳು ಹೋದದ್ದು ಟೀಚರ್‌ಗೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಉಳಿದ ಮಣಿಗಳನ್ನು ಮಗ ದಾರಕ್ಕೆ ಪೋಣಿಸಿ ಅಡುಗೆಮನೆಯ ಕಿಟಕಿಯ ಒಳಗಡೆ ಕಟ್ಟಿದ್ದ. ಜೂನ್ ತಿಂಗಳ ಒಂದು ಬೆಳಿಗ್ಗೆ ದೊಡ್ಡ ಸೊಸೆ ಫೋನು ಮಾಡಿದರು. ಕಿಟಕಿ ಪೂರ್ವಕ್ಕಿದೆ, ಅದರ ಕೆಳಗೇ ಒಲೆ, ಮೂವತ್ತು ವರ್ಷದಿಂದ ಅವರು ನಿಲ್ಲುವ ಜಾಗ ಅದು.

"ಗಾಜು ಮುಚ್ಚೇ ಇದೆ ಸರ್. ಆದ್ರೂ ಮಣಿ ಬಣ್ಣ ತಿರುಗಿದೆ."

ಯುವಿ-ಎ ಗಾಜು ದಾಟಿ ಬರುತ್ತೆ ಅಮ್ಮ ಎಂದೆ. ಆ ಕಡೆ ಸ್ವಲ್ಪ ಹೊತ್ತು ಒಗ್ಗರಣೆ ಸಿಡಿಯುವ ಸದ್ದು ಮಾತ್ರ. "ಎಡಗೆನ್ನೆ ಕಿಟಕಿ ಕಡೆಗಿರುತ್ತೆ" ಎಂದರು ಆಮೇಲೆ. "ಒಂದು ಪರದೆ ಹೊಲಿ ಅಂತ ಇವಳಿಗೆ ಹೇಳ್ತೀನಿ."